ಶುಗರ್ ಎಷ್ಟು ಅಂತ ಕೇಳುವ ಮೊದಲು

ನನ್ನ ಮಗಳು ಒಂಬತ್ತನೇ ವಯಸ್ಸಿನಲ್ಲಿ ಸುಮಾರು ಮೂರು ವಾರ ನನಗೆ ಸುಳ್ಳು ನಂಬರ್ ಹೇಳಿದ್ದಳು. ಶಾಲೆಯಿಂದ ಬಂದು ಇನ್ನೂ ಶೂ ಬಿಚ್ಚಿರುತ್ತಿರಲಿಲ್ಲ, ಅಡುಗೆಮನೆಯಿಂದಲೇ ನಾನು "ಎಷ್ಟಿದೆ?" ಅಂತ ಕೂಗುತ್ತಿದ್ದೆ. "ನೂರಾ ಹನ್ನೆರಡು." ಮಾರನೇ ದಿನ "ನೂರಾ ಎಂಟು." ನಾನು ಖುಷಿಯಲ್ಲಿ ದೋಸೆ ಮಗುಚುತ್ತಿದ್ದೆ. ಒಂದು ಭಾನುವಾರ ರಕ್ತದ ಸಕ್ಕರೆ ಅಳೆಯುವ ಗ್ಲೂಕೋಮೀಟರ್‌ನ ಮೆಮೊರಿ ನೋಡಿದಾಗ ಗೊತ್ತಾಯಿತು, ಹೆಚ್ಚಿನ ದಿನ ಅವಳು ಆ ಹೊತ್ತಿಗೆ ಬೆರಳು ಚುಚ್ಚಿಕೊಂಡೇ ಇರಲಿಲ್ಲ, ಚುಚ್ಚಿಕೊಂಡ ನಾಲ್ಕೈದು ದಿನ ಬಂದದ್ದು 260, 310, ಹೀಗೆ. ಬೈದೆ. ಅತ್ತಳು. ಅತ್ತು ಮುಗಿದ ಮೇಲೆ ಒಂದೇ ಮಾತು ಹೇಳಿದಳು: "ಜಾಸ್ತಿ ಇದ್ರೆ ನಿನ್ ಮುಖ ಒಂಥರಾ ಆಗುತ್ತೆ."

ಅದಾದ ಮೇಲೆ ಎರಡು ದಿನ ನನಗೆ ಊಟ ಸೇರಲಿಲ್ಲ. ಏಳನೇ ವಯಸ್ಸಿಗೆ ಅವಳಿಗೆ ಟೈಪ್ 1 ಸಕ್ಕರೆ ಕಾಯಿಲೆ ಅಂತ ಗೊತ್ತಾದಾಗಿನಿಂದ ಸೂಜಿ, ಸ್ಟ್ರಿಪ್, ಯೂನಿಟ್ ಲೆಕ್ಕ, ಇನ್ಸುಲಿನ್ ಫ್ರಿಜ್‌ನಲ್ಲಿ ಎಲ್ಲಿಡಬೇಕು ಅನ್ನುವುದು, ಎಲ್ಲ ಕಲಿತಿದ್ದೆ. ಅವಳ ಮನಸ್ಸಲ್ಲಿ ಏನು ನಡೆಯುತ್ತಿದೆ ಅಂತ ನೋಡುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ. ಈಗ ಅವಳಿಗೆ ಹದಿಮೂರು. ಈ ಆರು ವರ್ಷದಲ್ಲಿ ನಾವು ಎಡವಿದ್ದು, ನಮ್ಮಂಥ ಬೇರೆ ಮನೆಯವರಿಂದ ಕಲಿತದ್ದು, ಡಾಕ್ಟರ್‌ಗಳು ಹೇಳಿದ್ದು ಎಲ್ಲ ಸೇರಿಸಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ಯಾವ ಇನ್ಸುಲಿನ್, ಎಷ್ಟು ಯೂನಿಟ್ ಅನ್ನುವುದು ನಿಮ್ಮ ಡಾಕ್ಟರ್‌ಗೆ ಬಿಟ್ಟ ವಿಷಯ. ನಿಮ್ಮ ಮಗುವಿಗೆ ಇರುವುದು ಆಸ್ತಮಾ, ಫಿಟ್ಸ್, ಥಲಸ್ಸೇಮಿಯಾ ಆಗಿದ್ದರೂ ಇದರಲ್ಲಿ ಮುಕ್ಕಾಲು ಪಾಲು ನಿಮಗೂ ಹೊಂದುತ್ತದೆ. ಸೂಜಿ ಅಂತ ಇರುವ ಕಡೆ ಇನ್‌ಹೇಲರ್ ಅಂತಲೋ ಮಾತ್ರೆ ಅಂತಲೋ ಓದಿಕೊಳ್ಳಿ.

1. "ನಿನ್ನ ತಪ್ಪಲ್ಲ" ಅಂತ ಬಾಯಿಬಿಟ್ಟು ಹೇಳಿ

ಮಕ್ಕಳು ಇದನ್ನು ಕೇಳುವುದಿಲ್ಲ. ಆದರೆ ಒಳಗೊಳಗೇ ಒಂದು ಲೆಕ್ಕ ಹಾಕಿಕೊಂಡಿರುತ್ತಾರೆ. ನಮ್ಮವಳ ಲೆಕ್ಕ ಏನಿತ್ತು ಅಂದರೆ, ಆಸ್ಪತ್ರೆಗೆ ಸೇರಿಸುವ ಹಿಂದಿನ ವಾರ ಗೌರಿ ಹಬ್ಬಕ್ಕೆ ಮಾಡಿಟ್ಟಿದ್ದ ಕರ್ಜಿಕಾಯಿಯನ್ನು ಡಬ್ಬದಿಂದ ಕದ್ದು ತಿಂದಿದ್ದಳು, ಅದಕ್ಕೇ ಹೀಗಾಯಿತು. ಒಂದೂವರೆ ವರ್ಷ ಯಾರ ಹತ್ತಿರವೂ ಹೇಳಿರಲಿಲ್ಲ. ನೋಡಲು ಬಂದವರೆಲ್ಲ "ಸ್ವೀಟ್ ಜಾಸ್ತಿ ಕೊಟ್ಬಿಟ್ರೇನೋ" ಅನ್ನುತ್ತಿದ್ದರಲ್ಲ, ಮಂಚದ ಮೇಲೆ ಕಣ್ಣು ಮುಚ್ಚಿಕೊಂಡು ಮಲಗಿದ್ದವಳು ಅದನ್ನೆಲ್ಲ ಕೇಳಿಸಿಕೊಂಡಿದ್ದಳು.

ಟೈಪ್ 1 ಸಿಹಿ ತಿಂದು ಬರುವ ಕಾಯಿಲೆ ಅಲ್ಲ. ರೋಗಗಳ ಜೊತೆ ಹೋರಾಡಬೇಕಾದ ದೇಹದ ಕಾವಲು ಪಡೆಯೇ ದಾರಿ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಮಾಡುವ ಕಣಗಳನ್ನು ಹಾಳು ಮಾಡುತ್ತದೆ. ಇದು ಅಂಟುವುದೂ ಇಲ್ಲ. ಇಷ್ಟನ್ನು ನೀವು ಮೊದಲು ಗಟ್ಟಿಯಾಗಿ ನಂಬಬೇಕು. ನಿಮ್ಮ ಗಂಟಲಲ್ಲಿ ಅನುಮಾನ ಇದ್ದರೆ ಮಗುವಿಗೆ ಗೊತ್ತಾಗಿಬಿಡುತ್ತದೆ.

ನಾಲ್ಕೈದು ವರ್ಷದ ಮಗುವಿಗೆ ವಿಜ್ಞಾನ ಬೇಡ. ಆ ವಯಸ್ಸಿನಲ್ಲಿ ಏನೇ ನೋವಾದರೂ ಅದು ಶಿಕ್ಷೆ ಅಂತಲೇ ಅನ್ನಿಸುತ್ತದೆ. "ನೀನು ಏನೂ ತಪ್ಪು ಮಾಡಿಲ್ಲ, ನಾವು ಬಿಟ್ಟು ಹೋಗಲ್ಲ, ಈ ಔಷಧಿ ದಿನಾ ಬೇಕು" ಅಂತ ಮೂರು ಮಾತು, ದಿನ ಬಿಟ್ಟು ದಿನ ಹೇಳುತ್ತಾ ಇರಿ. ಏಳೆಂಟು ವರ್ಷದವರಿಗೆ ಒಳಗೆ ಏನಾಗುತ್ತದೆ ಅಂತ ತಿಳಿಯಬೇಕು. ನಾನು ಹೀಗೆ ಹೇಳಿದೆ: ಅಂಗಡಿಯವನು ಅಕ್ಕಿ ಮೂಟೆ ತಂದು ಬಾಗಿಲ ಮುಂದೆ ಇಳಿಸಿ ಹೋಗಿದ್ದಾನೆ, ಒಳಗೆ ಎಲ್ಲರಿಗೂ ಹಸಿವು, ಆದರೆ ಚಿಲಕ ತೆಗೆಯುವವರೇ ಇಲ್ಲ, ದಿನಾ ಮೂಟೆ ಬಂದು ಜಗಲಿ ತುಂಬುತ್ತಿದೆ, ಒಳಗಿರುವವರು ಮಾತ್ರ ಸೊರಗುತ್ತಿದ್ದಾರೆ. ಚಿಲಕ ತೆಗೆಯುವವನೇ ಇನ್ಸುಲಿನ್. ಅವಳು ಕೂಡಲೇ ಕೇಳಿದಳು, "ಅದಕ್ಕೇ ನಾನು ಅಷ್ಟೊಂದು ತಿಂದ್ರೂ ಸಣ್ಣ ಆಗಿದ್ನಾ?" ಹೌದು, ಅದಕ್ಕೇ. ಹನ್ನೆರಡು ದಾಟಿದವರು ಅಷ್ಟೊತ್ತಿಗೆ ಮೊಬೈಲ್‌ನಲ್ಲಿ ಓದಿ ಹೆದರಿಕೊಂಡಿರುತ್ತಾರೆ. ಪಾಠ ಶುರು ಮಾಡುವ ಮುಂಚೆ "ಏನೇನು ಓದಿದೆ, ಹೇಳು ನೋಡೋಣ" ಅಂತ ಕೇಳಿ.

"ಯಾವಾಗ ವಾಸಿ ಆಗುತ್ತೆ?" ಈ ಪ್ರಶ್ನೆ ಬಂದೇ ಬರುತ್ತದೆ, ಹೆಚ್ಚಾಗಿ ರಾತ್ರಿ ದೀಪ ಆರಿಸಿದ ಮೇಲೆ. ಸುಳ್ಳು ಹೇಳಬೇಡಿ. "ಈಗ ವಾಸಿ ಮಾಡುವ ಔಷಧಿ ಇಲ್ಲ, ಚೆನ್ನಾಗಿ ಇರುವ ಹಾಗೆ ನೋಡಿಕೊಳ್ಳುವ ಔಷಧಿ ಇದೆ" ಅನ್ನಿ. ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಇನ್ಸುಲಿನ್ ಶುರುವಾದ ಮೇಲೆ ಕೆಲವು ವಾರವೋ ತಿಂಗಳೋ ಡೋಸ್ ತುಂಬಾ ಕಡಿಮೆ ಸಾಕಾಗುವ ಒಂದು ಹಂತ ಬರುತ್ತದೆ, ಡಾಕ್ಟರ್‌ಗಳು ಹನಿಮೂನ್ ಪೀರಿಯಡ್ ಅನ್ನುತ್ತಾರೆ, ಉಳಿದಿರುವ ಕಣಗಳು ಸ್ವಲ್ಪ ಕಾಲ ಚೇತರಿಸಿಕೊಂಡು ಕೆಲಸ ಮಾಡುವುದರಿಂದ ಹಾಗಾಗುತ್ತದೆ, ಆದರೆ ಮನೆಯಲ್ಲಿ ಎಲ್ಲರೂ "ಕಡಿಮೆಯಾಗ್ತಿದೆ, ಹರಕೆ ಫಲಿಸ್ತು" ಅಂದುಕೊಂಡು ಮಗುವಿನ ಮುಂದೆಯೇ ಸಂಭ್ರಮಪಡುತ್ತಾರೆ. ಆಮೇಲೆ ಡೋಸ್ ಮತ್ತೆ ಏರಿದಾಗ ಮಗು ತಾನೇ ಸೋತೆ ಅಂದುಕೊಳ್ಳುತ್ತದೆ. ಈ ಹಂತದಲ್ಲಿ ಯಾರೋ ಹೇಳಿದ ನಾಟಿ ಔಷಧಿ ನಂಬಿ ಇನ್ಸುಲಿನ್ ನಿಲ್ಲಿಸಿದರೆ ಜೀವಕ್ಕೇ ಅಪಾಯ.

ನಮ್ಮತ್ತೆ ಧರ್ಮಸ್ಥಳಕ್ಕೆ ಹರಕೆ ಹೊತ್ತಿದ್ದರು. ನಾನು ಜಗಳ ಮಾಡಲಿಲ್ಲ. ಎರಡೇ ಷರತ್ತು: ಇನ್ಸುಲಿನ್ ನಿಲ್ಲಬಾರದು, ಹರಕೆಯ ಉಪವಾಸ ಮಗುವಿನ ತಲೆಗೆ ಬರಬಾರದು. ಶನಿವಾರದ ಉಪವಾಸ ಅವರೇ ಮಾಡಿದರು.

ಅವಳಿಗೆ ಧೈರ್ಯ ಕೊಟ್ಟದ್ದು ಕೆಲವು ಕತೆಗಳು. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಮೊದಲ ಸಲ ಇನ್ಸುಲಿನ್ ತಗೊಂಡದ್ದು ಲಿಯೊನಾರ್ಡ್ ಥಾಂಪ್ಸನ್ ಅನ್ನುವ 14 ವರ್ಷದ ಹುಡುಗ, ಒಬ್ಬ ಮಗುವೇ. ಅದೇ ವರ್ಷ ಇನ್ಸುಲಿನ್ ಶುರು ಮಾಡಿದ ಎಲಿಜಬೆತ್ ಹ್ಯೂಸ್ ಅನ್ನುವ ಹುಡುಗಿ 1981ರವರೆಗೆ, 73 ವರ್ಷ ಬದುಕಿದಳು. ಕ್ರಿಕೆಟ್ ಹುಚ್ಚಿನ ಮಕ್ಕಳಿಗೆ ವಾಸಿಂ ಅಕ್ರಂ ಸಾಕು, 1997ರಲ್ಲಿ ಸಕ್ಕರೆ ಕಾಯಿಲೆ ಗೊತ್ತಾದ ಮೇಲೂ 2003ರ ವಿಶ್ವಕಪ್‌ವರೆಗೆ ಬೌಲಿಂಗ್ ಮಾಡಿದರು. ಇನ್ನೊಂದು ಸಣ್ಣ ವಿಷಯ, ವಿಶ್ವ ಮಧುಮೇಹ ದಿನ ಬರುವುದು ನವೆಂಬರ್ 14ಕ್ಕೆ, ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಬ್ಯಾಂಟಿಂಗ್ ಹುಟ್ಟಿದ ದಿನ. ನಮ್ಮಲ್ಲಿ ಅವತ್ತೇ ಮಕ್ಕಳ ದಿನಾಚರಣೆ. "ಅಂದ್ರೆ ನನಗೆ ಡಬಲ್" ಅಂತಾಳೆ.

2. ನಂಬರಿಗೆ ಮಾರ್ಕ್ಸ್ ಕೊಡಬೇಡಿ

ನನಗೆ ಅತಿ ಕಷ್ಟವಾದದ್ದು ಇದೇ. ಇವತ್ತಿಗೂ ಪೂರ್ತಿ ಬಂದಿಲ್ಲ.

ಮಗು ಹೇಳುವ ನಂಬರ್ ನೋಡಿ ಡೋಸ್ ಹಾಕುತ್ತೇವೆ. ಅದು ಸುಳ್ಳಾದರೆ ಡೋಸೂ ತಪ್ಪು. 310 ಇದ್ದಾಗ 108 ಅಂದರೆ ಏರಿದ ಶುಗರ್ ಏರಿದ ಹಾಗೇ ಕೂರುತ್ತದೆ. ಲೋ ಆಗಿರುವಾಗ (ಶುಗರ್ ತೀರಾ ಇಳಿದಿರುವಾಗ) ಸರಿಯಿದೆ ಅಂದರೆ ಇನ್ನೂ ಕೆಟ್ಟದ್ದು. ಹಾಗಾಗಿ ನಿಜ ಹೇಳುವುದು ಮಗುವಿಗೆ ಸುಲಭ ಆಗಬೇಕು, ಅದಕ್ಕೆ ನಮ್ಮ ಮುಖ ನೆಟ್ಟಗಿರಬೇಕು.

ಮೊದಲು ಮಾತು ಬದಲಿಸಿ. "ಒಳ್ಳೇ ಶುಗರ್", "ಕೆಟ್ಟ ಶುಗರ್" ಅನ್ನುವುದು ಬೇಡ. ಹೆಚ್ಚಿದೆ, ಕಡಿಮೆ ಇದೆ, ನಡುವೆ ಇದೆ, ಅಷ್ಟೇ. "ಏನು ತಿಂದೆ?" ಅಂತ ಪೊಲೀಸ್ ಥರ ಕೇಳುವ ಬದಲು "ಸರಿ, ಈಗ ಏನು ಮಾಡೋಣ?" ಅಂತ ಕೇಳಿ. ನಂಬರ್ ಎಷ್ಟೇ ಇರಲಿ, "ನೋಡಿ ಹೇಳಿದ್ದಕ್ಕೆ ಥ್ಯಾಂಕ್ಸ್" ಅನ್ನಿ. ಮೊದಮೊದಲು ನಾಟಕ ಅನ್ನಿಸುತ್ತದೆ. ಆಗಲಿ, ಮುಂದುವರಿಸಿ.

ಆಮೇಲೆ, ಶಾಲೆಯಿಂದ ಬಂದ ಮಗುವಿಗೆ ಮೊದಲ ಪ್ರಶ್ನೆ ಶುಗರ್‌ದು ಆಗಬಾರದು. ನಮ್ಮ ಮನೆಯಲ್ಲಿ ನಿಯಮ ಮಾಡಿಕೊಂಡೆವು: ಶೂ ಬಿಚ್ಚಿ, ಕೈಕಾಲು ತೊಳೆದು, ಏನಾದರೂ ಒಂದು ಮಾತು ಆಡಿದ ಮೇಲೆ ಮೀಟರ್. ಮೈ ನಡುಗುತ್ತಿದ್ದರೆ, ಬೆವರುತ್ತಿದ್ದರೆ, ಸುಸ್ತಾಗಿದ್ದರೆ ಮಾತ್ರ ಮೀಟರ್ ಮೊದಲು. ಮೊದಲ ವಾರ ನನ್ನ ನಾಲಿಗೆ ತುರಿಸುತ್ತಿತ್ತು, ನಿಜ. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ನಿಂತು "ಇವತ್ತು ಪಿಟಿ ಇತ್ತಾ?" ಅಂತ ಕೇಳುತ್ತಿದ್ದೆ, ಅವಳು ನನ್ನನ್ನೇ ನೋಡಿ "ಕೇಳು ಪರವಾಗಿಲ್ಲ" ಅಂತ ನಗುತ್ತಿದ್ದಳು.

ಶುಗರ್ ಏರಲು ತಿಂಡಿ ಒಂದೇ ಕಾರಣ ಅಲ್ಲ ಅನ್ನುವುದನ್ನು ಮನೆಯವರೆಲ್ಲರೂ ತಿಳಿಯಬೇಕು. ಜ್ವರ, ನೆಗಡಿ, ಪರೀಕ್ಷೆಯ ಟೆನ್ಶನ್, ಬೆಳೆಯುವ ವಯಸ್ಸು, ಹುಡುಗಿಯರಿಗೆ ಮುಟ್ಟಿನ ದಿನಗಳು, ಬಿಸಿಲಲ್ಲಿ ಇಟ್ಟು ಕೆಟ್ಟ ಇನ್ಸುಲಿನ್, ಎಲ್ಲವೂ ಏರಿಸುತ್ತವೆ. ಎಲ್ಲ ಸರಿ ಮಾಡಿದ ದಿನವೂ 280 ಬರುತ್ತದೆ. ಅವತ್ತು ಮಗುವಿನ ಮೇಲೆ ಅನುಮಾನಪಟ್ಟರೆ ನಂಬಿಕೆ ಹೋಯಿತು ಅಂತಲೇ ತಿಳಿಯಿರಿ.

ಮೂರು ತಿಂಗಳಿಗೊಮ್ಮೆ, ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ರಿಪೋರ್ಟ್ ಬರುವ ದಿನ ನಮ್ಮ ಮನೆಯಲ್ಲಿ ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನದ ಹಾಗೆ ಇರುತ್ತಿತ್ತು. ಈಗ ಏನು ಮಾಡುತ್ತೇವೆ ಅಂದರೆ, ಆಸ್ಪತ್ರೆಗೆ ಹೊರಡುವ ಮುಂಚೆಯೇ ವಾಪಸ್ ಬರುವಾಗ ಯಾವ ಹೋಟೆಲ್ ಅಂತ ಗೊತ್ತು ಮಾಡಿಕೊಳ್ಳುತ್ತೇವೆ. ಏಳು ಬರಲಿ, ಒಂಬತ್ತು ಬರಲಿ, ಮಸಾಲೆ ದೋಸೆ ಖಾಯಂ.

3. ಸೂಜಿ: ಅಳುವುದಕ್ಕೆ ಅನುಮತಿ ಇದೆ, ಬಿಡುವುದಕ್ಕೆ ಇಲ್ಲ

"ಅಳಬೇಡ, ಡಾಕ್ಟರ್ ಸೂಜಿ ಚುಚ್ತಾರೆ." ನಮ್ಮಲ್ಲಿ ಈ ಮಾತು ಕೇಳದೆ ಬೆಳೆದ ಮಗು ಇಲ್ಲ. ದಿನಕ್ಕೆ ನಾಲ್ಕು ಸಲ ಚುಚ್ಚಿಸಿಕೊಳ್ಳುವ ಮಗು ಇರುವ ಮನೆಯಲ್ಲಿ ಈ ಮಾತು ಯಾರ ಬಾಯಲ್ಲೂ ಬರಬಾರದು, ಬಂದ ನೆಂಟರೂ ತಮ್ಮ ಮಗುವನ್ನು ಹೆದರಿಸಲು ಹೇಳಬಾರದು. ಸೂಜಿ ಅಂದರೆ ಶಿಕ್ಷೆ ಅಂತ ಒಮ್ಮೆ ಮನಸ್ಸಿಗೆ ಹೊಕ್ಕರೆ ತೆಗೆಯುವುದು ಕಷ್ಟ.

"ನೋವಾಗಲ್ಲ" ಅಂತಲೂ ಹೇಳಬೇಡಿ. ಆಗುತ್ತದೆ, ಸ್ವಲ್ಪ. "ಚಿವುಟಿದಷ್ಟು ನೋಯುತ್ತೆ, ಆಮೇಲೆ ಹೋಗುತ್ತೆ" ಅಂದರೆ ಮಗು ನಿಮ್ಮನ್ನು ನಂಬುತ್ತದೆ.

ಇನ್ಸುಲಿನ್ ಬೇಕೋ ಬೇಡವೋ ಅನ್ನುವ ಆಯ್ಕೆ ಮಗುವಿಗೆ ಕೊಡಲು ಆಗುವುದಿಲ್ಲ, ಸರಿ. ಉಳಿದದ್ದೆಲ್ಲ ಕೊಡಬಹುದು. ಇವತ್ತು ಹೊಟ್ಟೆಗಾ ತೊಡೆಗಾ? ಯಾವ ಬೆರಳು? ಎಣಿಸುವುದು ನೀನಾ ನಾನಾ? ಮೂರಕ್ಕಾ ಐದಕ್ಕಾ? ಕೇಳುವುದಕ್ಕೆ ಇದೆಲ್ಲ ಚಿಲ್ಲರೆ ಅನ್ನಿಸಬಹುದು. ಆದರೆ ಕಾಯಿಲೆ ಬಂದ ಮಗುವಿನ ಕೈಯಿಂದ ಎಲ್ಲ ತೀರ್ಮಾನ ಕಿತ್ತುಕೊಂಡು ಬಿಟ್ಟಿರುತ್ತೇವೆ ಅಲ್ವಾ, ಅದಕ್ಕೆ ಇಷ್ಟಾದರೂ ಸಿಗಲಿ.

ಚಿಕ್ಕ ಮಕ್ಕಳನ್ನು ನಾಲ್ಕು ಜನ ಒತ್ತಿ ಹಿಡಿದು ಚುಚ್ಚುವ ಬದಲು ತೊಡೆ ಮೇಲೆ ಕೂರಿಸಿಕೊಂಡು ತಬ್ಬಿ ಹಿಡಿದರೆ ಅರ್ಧ ಗಲಾಟೆ ಕಡಿಮೆ. ಚುಚ್ಚುವ ಹೊತ್ತಿಗೆ ಸೋಪಿನ ಗುಳ್ಳೆ ಊದಿಸಿ, ಅಥವಾ ದೀಪ ಆರಿಸುವ ಹಾಗೆ ಉಸಿರು ಬಿಡಲು ಹೇಳಿ. ಬೆರಳ ತುದಿಯ ನಡುವೆ ಚುಚ್ಚುವುದಕ್ಕಿಂತ ಪಕ್ಕದಲ್ಲಿ ಚುಚ್ಚಿದರೆ ನೋವು ಕಡಿಮೆ. ಒಂದೇ ಸೂಜಿಯನ್ನು ಉಳಿತಾಯಕ್ಕೆ ಅಂತ ಮತ್ತೆ ಮತ್ತೆ ಬಳಸಿದರೆ ಮೊನೆ ಮೊಂಡಾಗಿ ಜಾಸ್ತಿ ನೋಯುತ್ತದೆ. ನಮ್ಮ ಹೊಟ್ಟೆಗೆ ಒಮ್ಮೆ ಚುಚ್ಚಿಕೊಂಡು ನೋಡೋಣ ಅಂತ ನಮ್ಮ ಮನೆಯವರು ಇನ್ಸುಲಿನ್ ಇಲ್ಲದ ಹೊಸ ಸೂಜಿ ಒಂದನ್ನು ಚುಚ್ಚಿಕೊಂಡರು, ಅವರ ಮುಖ ನೋಡಿ ಮಗಳು ಬಿದ್ದು ಬಿದ್ದು ನಕ್ಕಳು. ಆ ದಿನದಿಂದ ಅಪ್ಪ ಅವಳ ಪಾರ್ಟಿ.

ಮಲಗುವ ಹಾಸಿಗೆಯ ಮೇಲೆ ಮಾತ್ರ ಚುಚ್ಚಬೇಡಿ. ಒಂದು ಜಾಗ ನಿರ್ಭಯವಾಗಿ ಉಳಿಯಲಿ.

4. ತಿನ್ನುವುದು ಕಳ್ಳತನ ಆಗದಿರಲಿ

ಕಾಯಿಲೆ ಗೊತ್ತಾದ ವಾರವೇ ನಾನು ಮನೆಯಲ್ಲಿದ್ದ ಬೆಲ್ಲ, ಸಕ್ಕರೆ, ಬಿಸ್ಕತ್ತು ಎಲ್ಲ ಅಟ್ಟಕ್ಕೆ ಹಾಕಿದೆ. ಎರಡು ತಿಂಗಳಲ್ಲಿ ಅವಳ ದಿಂಬಿನ ಕೆಳಗೆ ಚಾಕೊಲೇಟ್ ಕಾಗದ ಸಿಕ್ಕಿತು. ಅಡಗಿಸಿದಷ್ಟೂ ಅಡಗಿ ತಿನ್ನುತ್ತಾರೆ, ಅಡಗಿ ತಿಂದದ್ದಕ್ಕೆ ಇನ್ಸುಲಿನ್ ಹಾಕಲು ಆಗುವುದಿಲ್ಲ. ಟೈಪ್ 1 ಇರುವ ಮಗುವಿಗೆ ಸಿಹಿ ಜೀವನಪೂರ್ತಿ ನಿಷೇಧ ಅನ್ನುವುದು ತಪ್ಪು ತಿಳುವಳಿಕೆ. ಎಷ್ಟು ತಿಂದರೆ ಎಷ್ಟು ಇನ್ಸುಲಿನ್ ಅನ್ನುವ ಲೆಕ್ಕವನ್ನು ನಿಮ್ಮ ಡಾಕ್ಟರ್, ಡಯಟಿಷಿಯನ್ ಹತ್ತಿರ ಕಲಿಯಿರಿ. ಯುಗಾದಿಗೆ ನಮ್ಮವಳು ಹೋಳಿಗೆ ತಿನ್ನುತ್ತಾಳೆ, ಊಟದ ಜೊತೆ, ಒಂದು, ಎಲ್ಲರ ಮುಂದೆ. ಹೇಳಬೇಕೆಂದರೆ ಅನ್ನ, ಮುದ್ದೆ, ಚಿತ್ರಾನ್ನಕ್ಕೂ ಲೆಕ್ಕ ಬೇಕು. ಬರೀ ಸಿಹಿಯನ್ನೇ ಖಳನಾಯಕ ಮಾಡಿದರೆ ಮಗುವಿಗೆ ಲೆಕ್ಕವೂ ಬರುವುದಿಲ್ಲ, ಆಸೆಯೂ ಹೋಗುವುದಿಲ್ಲ.

ಕಾಗದ ಸಿಕ್ಕಿದಾಗ ಏನು ಹೇಳಬೇಕು? ನಾನು ಹೇಳಿದ್ದು ಹೇಳಬೇಡಿ. "ತಿಂದಿದ್ದು ಪರವಾಗಿಲ್ಲ, ನನಗೆ ಹೇಳಿದ್ರೆ ಇನ್ಸುಲಿನ್ ಹಾಕ್ಬಹುದಿತ್ತು. ಮುಂದಿನ ಸಲ ಹೇಳ್ತೀಯಾ?" ಇಷ್ಟು ಸಾಕು.

ತರಗತಿಯ ಬರ್ತ್‌ಡೇ ಚಾಕೊಲೇಟ್ ತುಂಬಾ ನೋಯಿಸುವ ವಿಷಯ. ಟೀಚರ್ "ನಿನಗೆ ಬೇಡ ಅಲ್ವಾ" ಅಂತ ಎಲ್ಲರ ಮುಂದೆ ದಾಟಿಸಿಕೊಂಡು ಹೋದರೆ ಮಗು ಅದನ್ನು ಮರೆಯುವುದಿಲ್ಲ. ಎಲ್ಲರ ಹಾಗೆ ತಗೊಳ್ಳಲಿ, ಡಬ್ಬಿಯಲ್ಲಿ ಇಟ್ಟುಕೊಳ್ಳಲಿ, ಮನೆಗೆ ಬಂದು ಯಾವಾಗ ತಿನ್ನಬಹುದು ಅಂತ ನೋಡೋಣ. ಪ್ರಸಾದಕ್ಕೂ ಇದೇ, ಕೈಯೊಡ್ಡಿ ಒಂದು ಚೂರು ಬಾಯಿಗೆ ಹಾಕಿಕೊಂಡರೆ ಏನೂ ಆಗುವುದಿಲ್ಲ.

ಲೋ ಆದಾಗ, ಅಂದರೆ 70ಕ್ಕಿಂತ ಕಡಿಮೆ ಬಂದಾಗ, ಇಷ್ಟದ ಚಾಕೊಲೇಟ್ ಕೊಡುವ ಅಭ್ಯಾಸ ಬೇಡ. ಅದರ ಕೊಬ್ಬಿನಿಂದಾಗಿ ಸಕ್ಕರೆ ನಿಧಾನವಾಗಿ ಏರುತ್ತದೆ, ಜೊತೆಗೆ ಲೋ ಆಗುವುದೇ ಒಂದು ಬಹುಮಾನ ಅನ್ನಿಸಿಬಿಡುತ್ತದೆ. ಗ್ಲೂಕೋಸ್ ಪುಡಿ ಅಥವಾ ನೀರಿಗೆ ಹಾಕಿದ ಸಕ್ಕರೆ, ಮಗುವಿನ ತೂಕಕ್ಕೆ ಡಾಕ್ಟರ್ ಹೇಳಿದಷ್ಟು ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, ನೇರ ಆಸ್ಪತ್ರೆ. ಅಜ್ಜ ಅಜ್ಜಿಗೂ ಇದನ್ನು ಕಲಿಸಿ. ನಮ್ಮತ್ತೆ ಈಗ ನನಗಿಂತ ಮುಂಚೆ ಹಿಡಿಯುತ್ತಾರೆ, "ನೋಡೇ, ಹುಡುಗಿ ಹಣೆ ಬೆವರ್ತಿದೆ" ಅಂತ.

ನೆಂಟರು "ಅಯ್ಯೋ ಪಾಪ, ಇಷ್ಟು ಚಿಕ್ಕ ವಯಸ್ಸಿಗೇ" ಅಂತ ಶುರು ಮಾಡಿದಾಗ ನಾನು ಒಂದು ಮಾತು ಬಾಯಿಪಾಠ ಮಾಡಿಕೊಂಡಿದ್ದೇನೆ: "ಅತ್ತಿಗೆ, ಅವಳು ಇಲ್ಲೇ ಇದಾಳೆ, ಅವಳನ್ನೇ ಮಾತಾಡ್ಸಿ. ಯಾವ ಕ್ಲಾಸು ಅಂತ ಕೇಳಿ." ಬೇಜಾರು ಮಾಡಿಕೊಂಡರು ಒಂದಿಬ್ಬರು. ಮಾಡಿಕೊಳ್ಳಲಿ.

5. ಶಾಲೆಯಲ್ಲಿ ಯಾರಿಗೆ ಗೊತ್ತಿರಬೇಕು

ಕ್ಲಾಸ್ ಟೀಚರ್, ಪಿಟಿ ಮೇಷ್ಟ್ರು, ಮುಖ್ಯೋಪಾಧ್ಯಾಯರು, ವ್ಯಾನ್ ಡ್ರೈವರ್. ಇವರಿಗೆ ಗೊತ್ತಿರಲೇಬೇಕು, ಇದರಲ್ಲಿ ಮಗುವಿನ ಒಪ್ಪಿಗೆಗೆ ಕಾಯಬೇಡಿ. ಸ್ನೇಹಿತರಿಗೆ ಹೇಳುವುದು ಮಾತ್ರ ಮಗುವಿಗೆ ಬಿಟ್ಟದ್ದು. ಯಾರಿಗೆ, ಯಾವಾಗ, ಎಷ್ಟು ಅಂತ ಅವರೇ ತೀರ್ಮಾನ ಮಾಡಲಿ.

ಜೂನ್‌ನಲ್ಲಿ ಶಾಲೆ ಶುರುವಾದ ಮೊದಲ ವಾರವೇ ಹೋಗಿ, ಕನ್ನಡದಲ್ಲಿ ಒಂದೇ ಪುಟದ ಕಾಗದ ಕೊಟ್ಟು ಬನ್ನಿ. ಲೋ ಆದರೆ ಹೇಗೆ ಕಾಣುತ್ತಾಳೆ, ಏನು ಕೊಡಬೇಕು, ಯಾರಿಗೆ ಫೋನ್ ಮಾಡಬೇಕು. ನೀರು ಕುಡಿಯಲು, ಬಾತ್‌ರೂಮಿಗೆ ಹೋಗಲು ಕೇಳಿದರೆ ಬಿಡಬೇಕು. ಲೋ ಆದ ಮಗುವನ್ನು ಒಬ್ಬಳೇ ಆಫೀಸಿಗೆ ಕಳಿಸಬಾರದು. ಆಟದಿಂದ ಹೊರಗಿಡಬಾರದು. ಒಂದು ಶಾಲೆಯಲ್ಲಿ ನಮ್ಮವಳನ್ನು ವರ್ಷಪೂರ್ತಿ ಪಿಟಿ ಪೀರಿಯಡ್‌ನಲ್ಲಿ ಮರದ ಕೆಳಗೆ ಎಲ್ಲರ ನೀರಿನ ಬಾಟಲಿ ಕಾಯಲು ಕೂರಿಸಿದ್ದರು, ಕಾಳಜಿಯಿಂದಲೇ ಇರಬಹುದು, ನನಗೆ ಗೊತ್ತಾದದ್ದು ವಾರ್ಷಿಕೋತ್ಸವದ ದಿನ.

ಪರೀಕ್ಷೆ ವಿಷಯದಲ್ಲಿ ಕೈಯಲ್ಲಿ ಆಧಾರ ಇಟ್ಟುಕೊಂಡು ಮಾತಾಡಿ. ಸಿಬಿಎಸ್‌ಇ 2017ರಲ್ಲೇ ಟೈಪ್ 1 ಇರುವ ಮಕ್ಕಳು ಬೋರ್ಡ್ ಪರೀಕ್ಷೆಯ ಕೊಠಡಿಗೆ ಸಕ್ಕರೆ ಮಾತ್ರೆ, ಹಣ್ಣು, ತಿಂಡಿ, ನೀರು ಒಯ್ಯಲು ಒಪ್ಪಿದೆ. 2023ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಇಂಥ ಮಕ್ಕಳಿಗೆ ಶಾಲೆಯಲ್ಲಿ ಅನುಕೂಲ ಮಾಡಿಕೊಡಿ ಅಂತ ರಾಜ್ಯಗಳಿಗೆ ಪತ್ರ ಬರೆದಿದೆ. ಬೇರೆ ಬೋರ್ಡ್ ಆದರೂ ಇದನ್ನು ತೋರಿಸಿ, ಡಾಕ್ಟರ್ ಚೀಟಿ ಸೇರಿಸಿ ಮುಂಚಿತವಾಗಿ ಅರ್ಜಿ ಕೊಡಿ.

"ಹೊಟ್ಟೆಗೆ ಅದೇನದು ಚುಚ್ಕೋತೀಯಾ?" ಅಂತ ಯಾರಾದರೂ ಕೇಳಿದರೆ ಹೇಳಲು ಒಂದು ವಾಕ್ಯ ಮನೆಯಲ್ಲೇ ತಯಾರು ಮಾಡಿಕೊಳ್ಳಿ. ನಮ್ಮವಳದು: "ನನ್ನ ಬಾಡಿ ಇನ್ಸುಲಿನ್ ಮಾಡಲ್ಲ, ಅದಕ್ಕೆ ಹೊರಗಿಂದ ಹಾಕ್ಕೋತೀನಿ, ನಿನಗೆ ಅಂಟಲ್ಲ, ನನ್ನ ಟಿಫನ್ ಮಾತ್ರ ಕೇಳ್ಬೇಡ."

6. ಸಿಟ್ಟು ಬಂದಾಗ

ಶುಗರ್ ಇಳಿದಾಗಲೂ ಏರಿದಾಗಲೂ ಮಗು ಸಿಡುಕುತ್ತದೆ, ಅಳುತ್ತದೆ, ಕೆಲವೊಮ್ಮೆ ಕೈಲಿದ್ದದ್ದು ಎಸೆಯುತ್ತದೆ. ಆಗ ಬುದ್ಧಿವಾದ ತಲೆಗೆ ಹೋಗುವುದಿಲ್ಲ. ಮೊದಲು ನೋಡಿ, ಲೋ ಇದ್ದರೆ ಸರಿ ಮಾಡಿ, ಅರ್ಧ ಗಂಟೆ ಬಿಟ್ಟು ಮಾತಾಡಿ.

ಆದರೆ ಇದರದ್ದೇ ಇನ್ನೊಂದು ಬದಿ ಇದೆ. ಮಗು ಏನೇ ಸಿಟ್ಟು ಮಾಡಿದರೂ "ಶುಗರ್ ನೋಡ್ಕೋ ಹೋಗು" ಅಂದುಬಿಡುವುದು. ಒಮ್ಮೆ ತಮ್ಮ ಅವಳ ಡ್ರಾಯಿಂಗ್ ಪುಸ್ತಕ ಹರಿದು ಹಾಕಿದ್ದ, ಅವಳು ಕಿರುಚಿದಳು, ನಾನು ಮೀಟರ್ ತಂದೆ. "ನನಗೆ ಸುಮ್ನೆ ಕೋಪ ಬರೋ ಹಾಗೇ ಇಲ್ವಾ?" ಅಂದಳು. ಶುಗರ್ 124 ಇತ್ತು. ಕೋಪ ನ್ಯಾಯವಾಗೇ ಇತ್ತು.

ತಮ್ಮನ ಮಾತು ಬಂದಿದ್ದಕ್ಕೆ ಇಲ್ಲೇ ಹೇಳಿಬಿಡುತ್ತೇನೆ. ಆರೋಗ್ಯವಾಗಿರುವ ಮಗು ಮನೆಯಲ್ಲಿ ಕಾಣದೇ ಹೋಗುತ್ತದೆ. ನಮ್ಮವನು ಒಂದು ದಿನ "ನನಗೂ ಶುಗರ್ ಬರಲಿ" ಅಂತ ದೇವರಿಗೆ ಕೈಮುಗಿದಿದ್ದ. ವಾರಕ್ಕೆ ಒಂದು ಗಂಟೆ ಬರೀ ಅವನದು, ಆ ಹೊತ್ತಲ್ಲಿ ಅಕ್ಕನ ಕಾಯಿಲೆಯ ಸುದ್ದಿ ಇಲ್ಲ.

7. ದೊಡ್ಡವರಾದಂತೆ ಬಿಟ್ಟುಕೊಡಿ, ಒಂದೇ ಸಲ ಅಲ್ಲ

ಹನ್ನೊಂದು ಹನ್ನೆರಡಕ್ಕೆ ಮಕ್ಕಳು ಎಲ್ಲ ತಾವೇ ಮಾಡಿಕೊಳ್ಳುತ್ತಾರೆ, ನಮಗೂ ಸುಸ್ತಾಗಿರುತ್ತದೆ, "ಇನ್ಮೇಲೆ ನೀನೇ ನೋಡ್ಕೋ" ಅಂದುಬಿಡುತ್ತೇವೆ. ಕೈ ಚುರುಕಾಗಿದೆ ಅಂದ ಮಾತ್ರಕ್ಕೆ ದಿನಾ ನೆನಪಿಟ್ಟು ಮಾಡುವ ತಾಳ್ಮೆ ಬಂದಿರುವುದಿಲ್ಲ. ಒಂದೊಂದೇ ಕೆಲಸ ದಾಟಿಸಿ. ಮೊದಲು ಬೆರಳು ಚುಚ್ಚಿಕೊಳ್ಳುವುದು, ಆಮೇಲೆ ಇನ್ಸುಲಿನ್ ಪೆನ್ ಹಿಡಿದು ಚುಚ್ಚಿಕೊಳ್ಳುವುದು, ಆಮೇಲೆ ಲೆಕ್ಕ. ಲೆಕ್ಕ ಅವರದಾದ ಮೇಲೂ ಚುಚ್ಚಿಕೊಳ್ಳುವಾಗ ಪಕ್ಕದಲ್ಲಿ ಸುಮ್ಮನೆ ಕೂತಿರಿ. ಜ್ವರ ಬಂದ ದಿನ, ಪರೀಕ್ಷೆ ವಾರ ಎಲ್ಲವನ್ನೂ ವಾಪಸ್ ನೀವೇ ತಗೊಳ್ಳಿ. ಯಾರಿಗಾದರೂ ರಜೆ ಬೇಡವೇ?

ಕೆಲವು ಮಕ್ಕಳು, ಮುಖ್ಯವಾಗಿ ಹುಡುಗಿಯರು, ಇನ್ಸುಲಿನ್ ಬಿಟ್ಟರೆ ತೂಕ ಇಳಿಯುತ್ತದೆ ಅಂತ ಕಂಡುಕೊಂಡು ಬೇಕಂತಲೇ ಬಿಡುತ್ತಾರೆ. ಇದು ತುಂಬಾ ಅಪಾಯ. ಮೈ ದಪ್ಪದ ಬಗ್ಗೆ ಮನೆಯಲ್ಲಿ ತಮಾಷೆ ಮಾಡುವುದನ್ನು ನಿಲ್ಲಿಸಿ. ಕಾರಣವಿಲ್ಲದೆ ತೂಕ ಇಳಿದು ಶುಗರ್ ಏರುತ್ತಿದ್ದರೆ ಡಾಕ್ಟರ್‌ಗೆ ನೇರವಾಗಿ ಹೇಳಿ.

ಹೆಣ್ಣುಮಕ್ಕಳಿರುವ ಮನೆಗೆ ಇನ್ನೊಂದು ಸಲಹೆ ಬರುತ್ತದೆ, ತಗ್ಗಿದ ದನಿಯಲ್ಲಿ: "ಹೊರಗೆ ಹೇಳ್ಬೇಡಿ, ನಾಳೆ ಮದುವೆ ಮಾಡ್ಬೇಕು." ಆ ಎಲಿಜಬೆತ್ ಹ್ಯೂಸ್ ಇದ್ದಳಲ್ಲ, ಅವಳು ಜೀವನಪೂರ್ತಿ ತನ್ನ ಕಾಯಿಲೆಯನ್ನು ಹೆಚ್ಚಿನವರಿಂದ ಮುಚ್ಚಿಟ್ಟಳು. ನೂರು ವರ್ಷದ ಹಿಂದಿನ ಮಾತು ಅದು. ಮುಚ್ಚಿಡು ಅಂದ ತಕ್ಷಣ ಮಗುವಿಗೆ ಇದು ನಾಚಿಕೆಪಡುವ ವಿಷಯ ಅಂತ ನಾವೇ ಹೇಳಿಕೊಟ್ಟ ಹಾಗೆ, ಹಾಸ್ಟೆಲಲ್ಲೋ ಬಸ್ಸಲ್ಲೋ ಲೋ ಆಗಿ ಬಿದ್ದರೆ ಪಕ್ಕದವರಿಗೆ ಏನು ಮಾಡಬೇಕು ಅಂತ ಗೊತ್ತಿರುವುದೂ ಇಲ್ಲ.

8. ಯಾವಾಗ ಹೊರಗಿನ ಸಹಾಯ ಬೇಕು

ಬೇಜಾರು ಎಲ್ಲರಿಗೂ ಬರುತ್ತದೆ. ಎರಡು ವಾರ ಕಳೆದರೂ ಮಂಕು ಹೋಗದಿದ್ದರೆ, ಇಷ್ಟದ ಆಟವೂ ಬೇಡವಾದರೆ, ನಿದ್ದೆ ಕೆಟ್ಟರೆ, ಶಾಲೆಗೆ ಹೋಗಲು ದಿನಾ ಹೊಟ್ಟೆನೋವು ಅಂದರೆ, ಇನ್ಸುಲಿನ್ ಮತ್ತೆ ಮತ್ತೆ ಬಿಡುತ್ತಿದ್ದರೆ, ಸೂಜಿ ಕಂಡರೆ ತಡೆಯಲಾರದಷ್ಟು ಹೆದರಿದರೆ, ನಿಮ್ಮ ಮಕ್ಕಳ ಡಾಕ್ಟರ್ ಹತ್ತಿರ ಮನಸ್ಸಿನ ವಿಷಯವನ್ನೂ ಎತ್ತಿ. ನಾವು ಎತ್ತದಿದ್ದರೆ ಆ ಐದು ನಿಮಿಷದ ಭೇಟಿಯಲ್ಲಿ ಅದು ಬರುವುದೇ ಇಲ್ಲ. ಟೈಪ್ 1 ಇರುವ ಮಕ್ಕಳಲ್ಲಿ ಖಿನ್ನತೆ ಬೇರೆ ಮಕ್ಕಳಿಗಿಂತ ಜಾಸ್ತಿ ಕಾಣಿಸುತ್ತದೆ ಅನ್ನುವುದು ಡಾಕ್ಟರ್‌ಗಳಿಗೂ ಗೊತ್ತು.

"ಸಾಕಾಗಿದೆ", "ನಾನಿಲ್ದಿದ್ರೆ ನಿಮಗೆಲ್ಲ ಆರಾಮು" ಅನ್ನುವ ಮಾತು ಬಂದರೆ ಅದನ್ನು ಬಿಡ್ತು ಅನ್ನು ಅಂತ ಹೇಳಿ ಮುಗಿಸಬೇಡಿ. ಪಕ್ಕದಲ್ಲಿ ಕೂತು, ಸಾಯಬೇಕು ಅನ್ನಿಸುತ್ತಿದೆಯಾ ಅಂತ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಬರುತ್ತದೆ ಅನ್ನುವುದು ತಪ್ಪು. ಇನ್ಸುಲಿನ್ ಮತ್ತು ಮಾತ್ರೆಗಳನ್ನು ನಿಮ್ಮ ಸುಪರ್ದಿಗೆ ತಗೊಂಡು ನೀವೇ ಹಾಕಿ, ಒಂಟಿಯಾಗಿ ಬಿಡಬೇಡಿ, ಅವತ್ತೇ ಸಹಾಯ ಪಡೆಯಿರಿ.

14416ಕ್ಕೆ ಫೋನ್ ಮಾಡಬಹುದು. ಇದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮಗುವಿಗೆ ಮಾತ್ರ ಅಂತೇನಿಲ್ಲ, ರಾತ್ರಿ ಎರಡು ಗಂಟೆಗೆ ಶುಗರ್ ನೋಡಲು ಎದ್ದು ಮತ್ತೆ ನಿದ್ದೆ ಬಾರದ ಅಮ್ಮಂದಿರೂ ಮಾಡಬಹುದು, ನಾನು ಮಾಡಿದ್ದೇನೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಪ್ರತ್ಯೇಕ ಮನೋವೈದ್ಯ ವಿಭಾಗ ಇದೆ. ಜಿಲ್ಲಾ ಆಸ್ಪತ್ರೆಯಲ್ಲೂ ಮನೋವೈದ್ಯರು ಇದ್ದಾರಾ ಅಂತ ವಿಚಾರಿಸಿ. ಮಗು ತಾನೇ ಯಾರಿಗಾದರೂ ಹೇಳಿಕೊಳ್ಳಬೇಕು ಅನ್ನಿಸಿದರೆ 1098 ಮಕ್ಕಳ ಸಹಾಯವಾಣಿ. ಎರಡೂ ನಂಬರನ್ನು ಮೀಟರ್ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿದ್ದೇವೆ.

ಕೌನ್ಸೆಲರ್ ಹತ್ತಿರ ಹೋಗುವುದನ್ನು ಮಗುವಿನಿಂದ ಮುಚ್ಚಿಟ್ಟು, "ಎಲ್ಲೋ ಹೋಗಿ ಬರೋಣ" ಅಂತ ಕರೆದುಕೊಂಡು ಹೋಗಬೇಡಿ. ಕಳೆದ ವರ್ಷ ನಾವು ಹೊರಟಾಗ ನಾನು ಬಸ್‌ಸ್ಟ್ಯಾಂಡಲ್ಲೇ ಹೇಳಿದೆ, ಅಲ್ಲಿ ಒಬ್ಬರು ಮೇಡಂ ಇರುತ್ತಾರೆ, ನಿನ್ನ ಜೊತೆ ಮಾತಾಡುತ್ತಾರೆ ಅಂತ.

"ಅಲ್ಲೂ ಚುಚ್ತಾರಾ?"

"ಇಲ್ಲ. ಬರೀ ಮಾತು."

"ಶುಗರ್ ಎಷ್ಟು ಅಂತ ಕೇಳ್ತಾರಾ?"

"ಕೇಳಲ್ಲ ಅನ್ಸುತ್ತೆ."

ಸ್ವಲ್ಪ ಹೊತ್ತು ಯೋಚನೆ ಮಾಡಿದಳು. "ಹಾಗಾದ್ರೆ ನೀನು ಹೊರಗೆ ಕೂತ್ಕೋ" ಅಂದಳು. ಮುಕ್ಕಾಲು ಗಂಟೆ ಹೊರಗೆ ಬೆಂಚಿನ ಮೇಲೆ ಕೂತಿದ್ದೆ, ಒಳಗಿನಿಂದ ಅವಳು ನಗುವುದು ಎರಡು ಸಲ ಕೇಳಿಸಿತು. ಏನು ಮಾತಾಡಿದರೋ ಇವತ್ತಿಗೂ ನನಗೆ ಹೇಳಿಲ್ಲ.